ಬಾಣಬಿರುಸಿನ ಸೊಗಸು ಮದ್ದಿನ ಪ್ರಮಾಣದಲ್ಲಿದೆಯೇ?

ಪ್ರಶ್ನೆ: ನಮ್ಮೂರ ತೇರಿನ ರಾತ್ರಿ ಈ ಸಲ ದೊಡ್ಡ ಮಟ್ಟದಲ್ಲಿ ಬಾಣಬಿರುಸು ಏರ್ಪಡಿಸಲು ಉತ್ಸವ ಸಮಿತಿ ನಿಶ್ಚಯಿಸಿದೆ. ಮದ್ದು ಹೆಚ್ಚು ತರಿಸಿದಷ್ಟೂ ನೋಟ ಕಳೆಗಟ್ಟುತ್ತದೆಯೇ? ಯಾವ ಎಚ್ಚರಿಕೆ ಮುಖ್ಯ?
— ಓದುಗರೊಬ್ಬರು, ಚಿಂತಾಮಣಿ ತಾಲ್ಲೂಕು

ಉತ್ತರ: ಮದ್ದು ಹೆಚ್ಚಿದಷ್ಟೂ ಹೊಗೆಯೂ ಹೆಚ್ಚುತ್ತದೆ, ಬಿಡುವಿಲ್ಲದೆ ಸಿಡಿಸಿದರೆ ಹೊಗೆ ಕವಿದು ಬಣ್ಣಗಳೆಲ್ಲ ಮಂಕಾಗುತ್ತವೆ. ಸ್ಟ್ರಾನ್ಷಿಯಂ ಲವಣ ಕೊಡುವ ಕೆಂಪು ಸುಲಭವಾಗಿ ಎದ್ದು ಕಾಣುತ್ತದೆ. ತಾಮ್ರದ ನೀಲಿ ಹಾಗಲ್ಲ. ಜ್ವಾಲೆಯ ಶಾಖ ಮಿತಿಮೀರಿದರೆ ಆ ಬಣ್ಣ ಕೊಡುವ ಸಂಯುಕ್ತವೇ ಒಡೆದುಹೋಗುವುದರಿಂದ, ಒಳ್ಳೆಯ ನೀಲಿ ತೆಗೆಯುವುದು ನುರಿತ ಕಸುಬುದಾರರಿಗೂ ಕಷ್ಟದ ಕೆಲಸ. ಕಣ್ಣು ಕೋರೈಸುವ ಬಿಳಿ ಬೆಳಕಿನ ನಂತರ ತುಸು ಹೊತ್ತು ಕತ್ತಲನ್ನು ಬಿಟ್ಟು, ಗಾಳಿ ಹೊಗೆಯನ್ನು ಒಯ್ದ ಮೇಲೆ ಹಾರಿಸಿದಾಗಲೇ ಆ ನೀಲಿ ಜನರ ಕಣ್ಣಿಗೆ ದಕ್ಕುತ್ತದೆ. ಹಣಕ್ಕಿಂತ ಈ ಬಿಡುವಿನ ಲೆಕ್ಕಾಚಾರವೇ ದೊಡ್ಡದು.

ಇನ್ನು ಎಚ್ಚರಿಕೆಯ ವಿಷಯ. 2016ರ ಏಪ್ರಿಲ್ 10ರಂದು ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ಮದ್ದಿನ ದಾಸ್ತಾನಿಗೇ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ದಾಸ್ತಾನು, ಹಾರಿಸುವ ಜಾಗ, ಜನ ನಿಲ್ಲುವ ಜಾಗ ಈ ಮೂರೂ ಒಂದಕ್ಕೊಂದು ದೂರವಿರಬೇಕು. ಜಿಲ್ಲಾಡಳಿತದ ಅನುಮತಿ ಬೇಕೇ ಬೇಕು.

ಆದರೆ ಸಮಿತಿಗಳು ಸಾಮಾನ್ಯವಾಗಿ ಮರೆಯುವುದು ಜನ ಮನೆಗೆ ಹೊರಡುವ ಗಳಿಗೆಯನ್ನು. 1770ರ ಮೇ 30ರಂದು ಪ್ಯಾರಿಸ್ಸಿನಲ್ಲಿ, ಮುಂದೆ ಹದಿನಾರನೆಯ ಲೂಯಿ ಎನಿಸಿದ ಯುವರಾಜನ ಮದುವೆಯ ಬಾಣಬಿರುಸು ಮುಗಿದಾಗ, ಕಾಮಗಾರಿಯ ಹಳ್ಳಗಳಿದ್ದ ಬೀದಿಗೆ ಜನ ಒಮ್ಮೆಲೇ ನುಗ್ಗಿ 132 ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಬಯಲುಸೀಮೆಯ ತೇರುಬೀದಿಯನ್ನೇ ನೋಡಿ: ತೇರು ಎಳೆಯುವಾಗ ಅಗಲವಾಗಿರುವ ದಾರಿ, ರಾತ್ರಿಯ ಹೊತ್ತಿಗೆ ಎರಡೂ ಬದಿಯ ಕಡ್ಲೆಪುರಿ, ಬತ್ತಾಸು, ಬಳೆ ಅಂಗಡಿಗಳ ಹಗ್ಗ, ಗೂಟ, ನಿಲ್ಲಿಸಿದ ಬೈಕುಗಳಿಂದ ಅರ್ಧಕ್ಕೆ ಕುಗ್ಗಿರುತ್ತದೆ, ಮೇಲಾಗಿ ಬಾಣಬಿರುಸಿಗೆಂದು ಬೀದಿದೀಪಗಳನ್ನೂ ಆರಿಸಿರುತ್ತಾರೆ. ಕೊನೆಯ ಬಾಣ ಸಿಡಿದೊಡನೆ ದೀಪ ಹೊತ್ತಿಸುವುದಕ್ಕೆಂದೇ ಒಬ್ಬರು ಇರಲಿ, ಊರಿನಿಂದ ಹೊರಹೋಗಲು ಎರಡು ದಾರಿಗಳಾದರೂ ತೆರವಾಗಿರಲಿ. ರಾತ್ರಿ 10ರ ನಂತರ ಸದ್ದಿನ ಪಟಾಕಿಗೆ ನಿಷೇಧವಿರುವುದರಿಂದ ಬಾಣಬಿರುಸನ್ನು ಅದಕ್ಕೂ ಮೊದಲೇ ಮುಗಿಸಿ, ಪೌರಾಣಿಕ ನಾಟಕವನ್ನು ಅದರ ಬೆನ್ನಿಗೇ ಇಟ್ಟುಕೊಳ್ಳಿ. ಅರ್ಧದಷ್ಟು ಜನ ರಂಗದ ಮುಂದೆ ಕುಳಿತರೆ, ಮಕ್ಕಳನ್ನು ಎತ್ತಿಕೊಂಡವರು ಮತ್ತು ವಯಸ್ಸಾದವರು ನೂಕುನುಗ್ಗಲಿಲ್ಲದೆ ಬಸ್ಸಿನವರೆಗೆ ನಡೆದು ಹೋಗಬಹುದು.