ಗೊರಕೆಗೆ ಗಂಟಲಿನ ಆಪರೇಷನ್: ಯಾರಿಗೆ ಒಗ್ಗುತ್ತದೆ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ, ಕಾಫಿ ಎಸ್ಟೇಟಿನಲ್ಲಿ ರೈಟರ್. ತೂಕ 88 ಕೆ.ಜಿ. ಜೋರು ಗೊರಕೆ, ನಡುನಡುವೆ ಉಸಿರು ನಿಂತು ಬೆಚ್ಚಿ ಏಳುತ್ತಾರೆ. ಹಾಸನದಲ್ಲಿ ನಿದ್ರೆಯ ಪರೀಕ್ಷೆ ಮಾಡಿಸಿದಾಗ ಎ.ಎಚ್.ಐ. 38 ಬಂತು. ಸಿ-ಪ್ಯಾಪ್ ಮೆಷಿನ್ (ಮಾಸ್ಕಿನ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿದರೆ ಮೂಗು ಒಣಗುತ್ತದೆ, ಮಾಸ್ಕ್ ಸೋರುತ್ತದೆ ಎಂದು ಹದಿನೈದೇ ದಿನಕ್ಕೆ ಬಿಟ್ಟರು. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಆಪರೇಷನ್ ಆದರೆ ಮೆಷಿನ್ನೇ ಬೇಡ ಎನ್ನುತ್ತಾರೆ ನೆಂಟರು. ನಿಜವೇ?
— ಓದುಗರು, ಸಕಲೇಶಪುರ

ಉತ್ತರ: ಎ.ಎಚ್.ಐ. 38 ಎಂದರೆ ನಿದ್ರೆಯ ಪ್ರತಿ ಗಂಟೆಗೆ ಸರಾಸರಿ 38 ಸಲ ಉಸಿರು ನಿಂತಿದೆ ಅಥವಾ ತೀರಾ ಕುಗ್ಗಿದೆ. ನಿದ್ರೆಯಲ್ಲಿ ಹೀಗೆ ಉಸಿರು ಕಟ್ಟುವ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ; 30 ದಾಟಿದರೆ ಅದು ತೀವ್ರ ಹಂತ. ಹಗಲು ತೂಕಡಿಕೆ ಇದ್ದರೆ ಚಿಕಿತ್ಸೆ ಹತ್ತುವವರೆಗೆ ಅವರು ಶಿರಾಡಿ ಘಾಟಿಯಲ್ಲಿ ಗಾಡಿ ಓಡಿಸುವುದು ಬೇಡವೇ ಬೇಡ.

ನೆಂಟರು ಹೇಳುತ್ತಿರುವುದು ಬಹುಶಃ ಯು.ಪಿ.ಪಿ.ಪಿ. ಆಪರೇಷನ್. ಟಾನ್ಸಿಲ್ ತೆಗೆದು, ಕಿರುನಾಲಿಗೆ ಮೊಟಕು ಮಾಡಿ, ಮೃದು ಅಂಗಳಿನ ಅಂಚನ್ನು ಹೊಲಿದು ಬಿಗಿ ಮಾಡುತ್ತಾರೆ. ಈಚೆಗೆ ಕಡಿಮೆ ಕತ್ತರಿಸಿ, ಸ್ನಾಯುವನ್ನು ಪಕ್ಕಕ್ಕೆಳೆದು ಹೊಲಿಯುವ ವಿಧಾನಗಳೂ ಬಂದಿವೆ. ಇವು ಮುಖ್ಯವಾಗಿ ಅಂಗಳಿನ ಹಿಂದಿನ ದಾರಿಯನ್ನು ಅಗಲ ಮಾಡುತ್ತವೆ. ಮಲಗಿದಾಗ ನಾಲಿಗೆಯ ಬುಡವೇ ಹಿಂದೆ ಬಿದ್ದು ದಾರಿ ಮುಚ್ಚುತ್ತಿದ್ದರೆ, ಅಂಗಳು ಎಷ್ಟು ಬಿಗಿಯಾದರೂ ಉಸಿರು ಅಲ್ಲಿ ಕಟ್ಟುತ್ತಲೇ ಇರುತ್ತದೆ. ಆರಿಸದೆ ಎಲ್ಲರಿಗೂ ಮಾಡಿದಲ್ಲಿ ಯು.ಪಿ.ಪಿ.ಪಿ. ಫಲಿಸಿರುವುದು ಸುಮಾರು 40% ಜನರಿಗೆ ಮಾತ್ರ. ಆ ‘ಫಲ’ದ ಅಳತೆಯನ್ನೂ ತಿಳಿದಿರಿ: ಎ.ಎಚ್.ಐ. ಅರ್ಧಕ್ಕಿಳಿದು 20ರ ಒಳಗೆ ಬಂದರೆ ಸಾಕು. ಅಂದರೆ ನಿಮ್ಮವರಿಗೆ 38 ಹೋಗಿ 18 ಆದರೂ ಯಶಸ್ಸೇ. ಆದರೆ 15ರಿಂದ 30 ಮಧ್ಯಮ ಹಂತದ ಕಾಯಿಲೆ, ಮೆಷಿನ್ ಆಗಲೂ ಬೇಕಾಗಬಹುದು.

ಟಾನ್ಸಿಲ್ ದೊಡ್ಡದಿದ್ದು, ಬಾಯಿ ತೆರೆದಾಗ ಗಂಟಲಿನ ಹಿಂಗೋಡೆ ಚೆನ್ನಾಗಿ ಕಾಣುವವರಿಗೆ ಇದು ಹೆಚ್ಚು ಒಗ್ಗುತ್ತದೆ. ಒಪ್ಪುವ ಮೊದಲು, ಔಷಧಿ ಕೊಟ್ಟು ನಿದ್ರೆ ಬರಿಸಿ ಮೂಗಿನಿಂದ ಎಂಡೋಸ್ಕೋಪ್ ಇಳಿಸಿ, ದಾರಿ ಎಲ್ಲಿ ಮುಚ್ಚುತ್ತದೆಂದು ನೋಡುವ ಪರೀಕ್ಷೆಯ ಬಗ್ಗೆ ಇ.ಎನ್.ಟಿ. ವೈದ್ಯರನ್ನು ಕೇಳಿ. ಅದಿಲ್ಲದೆ ದಿನ ಗೊತ್ತು ಮಾಡಿಕೊಳ್ಳಬೇಡಿ.

ಮಾಡಿಸಿದರೆ ನುಂಗಲಾರದ ನೋವು ಹತ್ತು–ಹದಿನಾಲ್ಕು ದಿನ. ಕುಡಿದ ನೀರು ಕೆಲವು ದಿನ ಮೂಗಿಗೆ ಬರಬಹುದು, ಅಪರೂಪಕ್ಕೆ ಅದು ಉಳಿದೂಬಿಡುತ್ತದೆ. ರಕ್ತಸ್ರಾವ ಮೊದಲ ದಿನವಷ್ಟೇ ಅಲ್ಲ, ಹೆಪ್ಪು ಉದುರುವ 5ರಿಂದ 10ನೇ ದಿನದ ನಡುವೆಯೂ ಆಗುತ್ತದೆ. ಆದ್ದರಿಂದ ಆ ದಿನಗಳಲ್ಲಿ ಎಸ್ಟೇಟ್ ಲೈನಿನಲ್ಲಿರದೆ ಆಸ್ಪತ್ರೆಗೆ ಹತ್ತಿರವಿರಿ. ಉಗುಳಿನಲ್ಲಿ ಕೆಂಪು ರಕ್ತ ಕಂಡರೆ ರಾತ್ರಿಯೆಂದು ಕಾಯಬೇಡಿ. ತಣ್ಣನೆಯ ಗಂಜಿ, ಮಜ್ಜಿಗೆ ಆಗಬಹುದು; ಅಕ್ಕಿ ರೊಟ್ಟಿ, ಖಾರ ಬೇಡ. ನಿದ್ರೆ ಮಾತ್ರೆ, ಮದ್ಯ ಮುಟ್ಟಬಾರದು. ಮೆಷಿನ್ನನ್ನು ಆಸ್ಪತ್ರೆಗೂ ಒಯ್ಯಿರಿ. ಸುಮಾರು ಮೂರು ತಿಂಗಳಾದ ಮೇಲೆ ನಿದ್ರೆಯ ಪರೀಕ್ಷೆ ಮತ್ತೆ ಆಗಲೇಬೇಕು: ಗೊರಕೆ ನಿಂತ ಗಂಟಲಿನಲ್ಲೂ ಉಸಿರು ಸದ್ದಿಲ್ಲದೆ ನಿಲ್ಲುತ್ತಿರಬಹುದು.

ಇಷ್ಟಕ್ಕೂ ನಿಮ್ಮವರು ಮೆಷಿನ್ ಬಿಟ್ಟ ಕಾರಣಗಳಿಗೆಲ್ಲ ಪರಿಹಾರವಿದೆ. ಮಾಸ್ಕಿನ ಪಟ್ಟಿಯನ್ನು ಕುಳಿತು ಬಿಗಿಯಬಾರದು. ಮಲಗಿ, ಗಾಳಿ ಬಿಟ್ಟ ಮೇಲೆ ಹೊಂದಿಸಬೇಕು. ಅತಿಯಾಗಿ ಬಿಗಿದರೂ ಅಂಚು ಮಡಚಿ ಸೋರುತ್ತದೆ. ಮೂಗು ಒಣಗುವುದಕ್ಕೆ ಗಾಳಿಗೆ ತೇವ ಬೆರೆಸುವ ಬಿಸಿ ಹ್ಯುಮಿಡಿಫೈಯರ್ ಇದೆ. ಮಲೆನಾಡಿನ ಚಳಿಗೆ ಕೊಳವೆಯೊಳಗೆ ನೀರು ಕಟ್ಟಿದರೆ ಮೆಷಿನ್ನನ್ನು ಮಂಚಕ್ಕಿಂತ ತಗ್ಗಿನಲ್ಲಿಟ್ಟು ಕೊಳವೆಗೆ ಬಟ್ಟೆಯ ಕವಚ ಹಾಕಿ. ಕರೆಂಟ್ ಹೋದಾಗ ಹ್ಯುಮಿಡಿಫೈಯರ್ ಆರಿಸಿದರೆ ಮೆಷಿನ್ ಬಹಳ ಕಡಿಮೆ ವಿದ್ಯುತ್ತಿನಲ್ಲಿ ನಡೆಯುತ್ತದೆ, ಮನೆಯ ಇನ್ವರ್ಟರ್ ಸಾಕಾಗಬಹುದು. ತೂಕ 9 ಕೆ.ಜಿ.ಯಷ್ಟು ಇಳಿಸಿದರೆ ಎ.ಎಚ್.ಐ. ಕೂಡ ಗಣನೀಯವಾಗಿ ಇಳಿಯುವ ಸಾಧ್ಯತೆಯಿದೆ. ಇದನ್ನೆಲ್ಲ ಒಂದೆರಡು ತಿಂಗಳು ಮಾಡಿ ನೋಡಿದ ಮೇಲೆ ಆಪರೇಷನ್ ಮಾತೆತ್ತುವುದು ಒಳ್ಳೆಯದು.

ಪ್ರಶ್ನೆ: ಆರು ವರ್ಷದ ಮಗನಿಗೂ ಗೊರಕೆ, ಬಾಯಲ್ಲೇ ಉಸಿರಾಟ. ಅವನಿಗೂ ಮೆಷಿನ್ ಬೇಕೇ?
— ಓದುಗರು, ಅರಸೀಕೆರೆ

ಉತ್ತರ: ಮಕ್ಕಳ ಲೆಕ್ಕ ಬೇರೆ. ಅವರಲ್ಲಿ ಸಾಮಾನ್ಯ ಕಾರಣ ಊದಿದ ಟಾನ್ಸಿಲ್ ಮತ್ತು ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ ಟಾನ್ಸಿಲ್‌ನಂಥ ಗಡ್ಡೆ). ಸ್ಲೀಪ್ ಅಪ್ನಿಯಾ ಖಚಿತವಾದರೆ ಅವೆರಡನ್ನು ತೆಗೆಯುವುದೇ ಮೊದಲ ಚಿಕಿತ್ಸೆ, ಹೆಚ್ಚಿನವರಿಗೆ ಅಷ್ಟರಲ್ಲೇ ಉಸಿರು ಸಲೀಸಾಗುತ್ತದೆ. ಮಗು ದಪ್ಪಗಿದ್ದರೆ ಆಪರೇಷನ್ ಆದ ಮೇಲೂ ಗೊರಕೆ ಉಳಿದಿದೆಯೇ ಎಂದು ಗಮನಿಸಿ, ಉಳಿದಿದ್ದರೆ ಮತ್ತೆ ತೋರಿಸಿ.