ಶನಿವಾರದ ತಂಡದ ಆಟಕ್ಕೆ ಹೋಗಲೇ ಎಂದು ಕೇಳಿದವರಿಗೆ

ನಿಮ್ಮ ಪತ್ರ ತಲುಪಿತು. ಈ ದೇಶಕ್ಕೆ ಬಂದು ಕೆಲವೇ ತಿಂಗಳಾಗಿವೆ, ಕಚೇರಿಯ ಜೊತೆಗಾರರೊಬ್ಬರು ತಮ್ಮ ಸೋಷಿಯಲ್ ಗಾಲ್ಫ್ ಕ್ಲಬ್ಬಿನ ವಾರಾಂತ್ಯದ ತಂಡ ಸ್ಪರ್ಧೆಗೆ ನಿಮ್ಮನ್ನು ಕರೆದಿದ್ದಾರೆ, ನೀವು ಅಭ್ಯಾಸದ ಅಂಗಳದಲ್ಲಿ ಚೆಂಡು ಹೊಡೆದದ್ದನ್ನು ಬಿಟ್ಟರೆ ಪೂರ್ತಿ 18 ಹೋಲ್ ಆಡಿದವರಲ್ಲ. ಹೋದರೆ ತಂಡಕ್ಕೆ ಹೊರೆಯಾಗುವೆನೇ, ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟಕ್ಕೆ ತಕ್ಕಂತೆ ಕೊಡುವ ಹೊಡೆತಗಳ ರಿಯಾಯಿತಿ) ಇಲ್ಲದವರನ್ನು ಸೇರಿಸಿಕೊಳ್ಳುತ್ತಾರೆಯೇ, ಏನು ಉಡಬೇಕು, ಎಷ್ಟು ಖರ್ಚು, ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿದ್ದೀರಿ. ಮೊದಲು ಒಂದೇ ಮಾತಿನಲ್ಲಿ ಹೇಳುತ್ತೇನೆ: ಹೋಗಿ. ಬಂದ ಹೊಸದರಲ್ಲಿ ವಾರಾಂತ್ಯವೆಂದರೆ ಊರಿಗೆ ಫೋನು ಮಾಡಿ ಮುಗಿಸಿದ ಮೇಲೆ ಉಳಿಯುವ ಉದ್ದನೆಯ ಹೊತ್ತು ಎಂಬುದನ್ನು ನಾನೂ ಬಲ್ಲೆ. ನನ್ನನ್ನು ಆ ಕೋಣೆಯಿಂದ ಹೊರಗೆ ಕರೆದುಕೊಂಡು ಬಂದದ್ದು ಇಂಥದೇ ಒಂದು ಆಹ್ವಾನ.

ಉಡುಪಿಗೆ ಕಾಲರ್ ಇರುವ ಅಂಗಿ, ಅಚ್ಚುಕಟ್ಟಾದ ಪ್ಯಾಂಟು ಸಾಕು. ಉಳಿದದ್ದನ್ನೂ ಖರ್ಚಿನ ವಿಷಯವನ್ನೂ ಕರೆದವರನ್ನೇ ಕೇಳಿ, ಅದರಲ್ಲಿ ಸಂಕೋಚವೇನಿಲ್ಲ. ಹೊಸ ಸೆಟ್ ಕೊಳ್ಳಲು ಈಗಲೇ ಓಡಬೇಡಿ. ಎರವಲು ತಂದರೂ ಆಟಕ್ಕೆ ಮೊದಲೇ ನಿಮ್ಮದೇ ಒಂದು ಚೀಲ ಸಿದ್ಧವಿರಲಿ, ಏಕೆಂದರೆ ಆಟದ ನಡುವೆ ಎದುರಾಳಿಯ ಚೀಲದಿಂದ ಕ್ಲಬ್, ಅಂದರೆ ಹೊಡೆಯುವ ಕೋಲು, ತೆಗೆದು ಹೊಡೆಯುವುದಕ್ಕೆ ನಿಯಮ ಒಪ್ಪುವುದಿಲ್ಲ. ಒಂದೇ ಪಕ್ಷವಾಗಿ ಕೂಡಿ ಆಡುವ ಪಾರ್ಟ್ನರ್ ಜೊತೆ ಹಂಚಿಕೊಳ್ಳುವುದಾದರೆ ಇಬ್ಬರದೂ ಸೇರಿ 14 ಕ್ಲಬ್ ಮೀರಬಾರದು.

ಹ್ಯಾಂಡಿಕ್ಯಾಪ್ ಬಗ್ಗೆ ನಿಮಗಿರುವ ಅಂಜಿಕೆ ನಮ್ಮವರೆಲ್ಲರದೂ ಆಗಿತ್ತು. ಅಂಕವೆಂದರೆ ಪರೀಕ್ಷೆಯ ಫಲಿತಾಂಶ ಎಂದೇ ಎಣಿಸಿ ಬೆಳೆದ ನಮಗೆ, ದೊಡ್ಡ ಹ್ಯಾಂಡಿಕ್ಯಾಪ್ ಹೇಳಿಕೊಳ್ಳುವುದು ಅವಮಾನವೆಂದು ತೋರುತ್ತದೆ. ಹಾಗಲ್ಲ. ಬೇರೆ ಬೇರೆ ಮಟ್ಟದವರು ಒಂದೇ ಸ್ಪರ್ಧೆಯಲ್ಲಿ ಸಮನಾಗಿ ನಿಲ್ಲಲಿ ಎಂದೇ ಆ ಲೆಕ್ಕ ಇರುವುದು. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಗರಿಷ್ಠ ಮಿತಿ 54. 54 ಹೋಲ್‌ಗಳಷ್ಟು ಆಟದ ಕಾರ್ಡುಗಳನ್ನು ಒಪ್ಪಿಸಿದರೆ ಮೊದಲ ಹ್ಯಾಂಡಿಕ್ಯಾಪ್ ಸಿಗುತ್ತದೆ. ಮುಂದೆ ಇತ್ತೀಚಿನ 20 ಆಟಗಳಲ್ಲಿ ಅತ್ಯುತ್ತಮ 8ರ ಸರಾಸರಿಯಿಂದ ಅದು ನಿರ್ಧಾರವಾಗುತ್ತದೆ. ಸ್ನೇಹದ ಸ್ಪರ್ಧೆಗಳಲ್ಲಿ ಹ್ಯಾಂಡಿಕ್ಯಾಪ್ ಇಲ್ಲದ ಅತಿಥಿಗೆ ಸಂಘಟಕರೇ ಒಂದು ಅಂಕಿ ಕೊಡುವುದುಂಟು. ಅವರು ಕೇಳಿದಾಗ ನಿಮ್ಮ ಆಟವನ್ನು ಇರುವುದಕ್ಕಿಂತ ಚೆನ್ನಾಗಿ ಬಣ್ಣಿಸಬೇಡಿ, ಕಡಿಮೆ ಮಾಡಿಯೂ ಹೇಳಬೇಡಿ.

ಹೊರೆಯಾಗುವಿರೋ ಇಲ್ಲವೋ ಎಂಬುದು ಆಟದ ಬಗೆಯನ್ನು ಅವಲಂಬಿಸಿದೆ. ಹೊಸಬರಿರುವ ದಿನ ಹೆಚ್ಚಾಗಿ ಇಡುವುದು ಸ್ಕ್ರಾಂಬಲ್. ಆಸ್ಟ್ರೇಲಿಯಾದ ಕಡೆ ಇದನ್ನೇ ಆಂಬ್ರೋಸ್ ಎನ್ನುತ್ತಾರೆ. ನಾಲ್ವರೂ ಹೊಡೆದು, ಚೆನ್ನಾಗಿ ಬಿದ್ದ ಒಂದು ಚೆಂಡನ್ನು ಆರಿಸಿಕೊಂಡು, ಅಲ್ಲಿಂದ ಮತ್ತೆ ನಾಲ್ವರೂ ಹೊಡೆಯುತ್ತಾ ಸಾಗುವ ಆಟವಿದು. ನಿಮ್ಮ ಚೆಂಡು ಪೊದೆಯೊಳಗೆ ಹೋದರೂ ತಂಡಕ್ಕೆ ನಷ್ಟವಿಲ್ಲ. ನೀವು ಹಾಕಿದ ಒಂದೇ ಒಂದು ಉದ್ದನೆಯ ಪಟ್ (ಚೆಂಡನ್ನು ಹೋಲ್‌ನತ್ತ ಉರುಳಿಸುವ ಹೊಡೆತ) ತಂಡದ್ದಾಗುತ್ತದೆ. ತಂಡದ ಹ್ಯಾಂಡಿಕ್ಯಾಪಿಗೆ ಸಾಮಾನ್ಯವಾಗಿ ಶಿಫಾರಸು ಮಾಡುವ ಕ್ರಮವೆಂದರೆ, ಅತ್ಯಂತ ಕಡಿಮೆಯವರದರ ಶೇ. 25, ಮುಂದಿನವರದರ ಶೇ. 20, ಮೂರನೆಯವರದರ ಶೇ. 15, ಅತಿ ಹೆಚ್ಚಿನವರದರ ಶೇ. 10. ಉದಾಹರಣೆಗೆ 8, 16, 22, 36 ಇರುವ ನಾಲ್ವರ ತಂಡಕ್ಕೆ 12 ಬರುತ್ತದೆ, ಅದರಲ್ಲಿ 36 ಇರುವ ಹೊಸಬರ ಪಾಲೇ ಎಲ್ಲರಿಗಿಂತ ಹೆಚ್ಚು. ಹಲವು ಕಡೆ ಪ್ರತಿಯೊಬ್ಬರ ಟೀ ಹೊಡೆತವನ್ನೂ, ಅಂದರೆ ಹೋಲ್ ಆರಂಭಿಸುವ ಮೊದಲ ಹೊಡೆತವನ್ನೂ, ಇಂತಿಷ್ಟು ಸಲ ಬಳಸಲೇಬೇಕು ಎಂಬ ಷರತ್ತಿರುತ್ತದೆ. ಆದ್ದರಿಂದ ದೂರಕ್ಕೆ ಬೀಸುವ ಹಂಬಲ ಬಿಟ್ಟು, ಹುಲ್ಲು ಕತ್ತರಿಸಿದ ಫೇರ್‌ವೇ ಮೇಲೆ ನಿಲ್ಲುವ ಒಂದು ಸಾಧಾರಣ ಹೊಡೆತವನ್ನು ಈ ವಾರ ಅಭ್ಯಾಸ ಮಾಡಿಕೊಳ್ಳಿ.

ಸ್ಟೇಬಲ್‌ಫೋರ್ಡ್ ಇದ್ದರೂ ಭಯಬೇಡ. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ವೈದ್ಯರು ರೂಪಿಸಿದ ಈ ಅಂಕಕ್ರಮದಲ್ಲಿ 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಸ್ಪರ್ಧೆ ನಡೆಯಿತು. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಬಂದರೆ 2 ಅಂಕ, ಒಂದು ಹೊಡೆತ ಹೆಚ್ಚಾದರೆ 1, ಅದಕ್ಕೂ ಮೀರಿದರೆ ಸೊನ್ನೆ. ಕೆಟ್ಟುಹೋದ ಹೋಲ್‌ನಲ್ಲಿ ಇನ್ನು ಅಂಕ ಸಿಗದು ಎಂದಾದೊಡನೆ ಚೆಂಡು ಎತ್ತಿಕೊಂಡು ಜೇಬಿಗೆ ಹಾಕಿ. ಅದನ್ನು ಯಾರೂ ಸೋಲೆಂದು ನೋಡುವುದಿಲ್ಲ, ಹಿಂದೆ ಕಾಯುತ್ತಿರುವವರ ಮೇಲಿನ ಗೌರವವೆಂದು ನೋಡುತ್ತಾರೆ. ಕಳೆದ ಚೆಂಡನ್ನು ಹುಡುಕಲು 2019ರ ನಿಯಮದಂತೆ ಇರುವುದು 3 ನಿಮಿಷ. ಚೆಂಡು ಸಿಗದು ಎಂಬ ಅನುಮಾನವಿದ್ದರೆ, ಎರಡನೆಯ ಚೆಂಡನ್ನು ಹೊಡೆಯುವ ಮೊದಲು ‘ಪ್ರಾವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಮರಳು ತುಂಬಿದ ಬಂಕರ್‌ನಲ್ಲಿ ಹೆಜ್ಜೆ ಅಳಿಸುವುದು, ಹೋಲ್ ಸುತ್ತಲಿನ ನುಣುಪು ಹುಲ್ಲಾದ ಗ್ರೀನ್ ಮೇಲೆ ಚೆಂಡು ಬಿದ್ದ ಗುಂಡಿ ಸರಿಪಡಿಸುವುದು, ಬೇರೆಯವರ ಪಟ್ ಉರುಳುವ ದಾರಿ ತುಳಿಯದಿರುವುದು, ಇವನ್ನು ನಿಮ್ಮಂಥವರಿಗೆ ಒಮ್ಮೆ ತೋರಿಸಿದರೆ ಸಾಕು.

ಇಷ್ಟು ಬೇಗ ಬೇಗ ಹೇಳಿದ್ದಕ್ಕೆ ಕಾರಣವಿದೆ. ಹೇಗೆ ನಡೆದುಕೊಳ್ಳಬೇಕು ಎಂಬ ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯ.

ನಾನು ಸೇರಿದ ಮೊದಲ ವರ್ಷ ನನ್ನನ್ನು ವಯಸ್ಸಾದ ಸದಸ್ಯರೊಬ್ಬರೊಂದಿಗೆ ಫೋರ್ಸಮ್ಸ್ ಜೋಡಿಗೆ ಹಾಕಿದರು. ಇಬ್ಬರಿಗೂ ಸೇರಿ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಬೆಸ ಸಂಖ್ಯೆಯ ಹೋಲ್‌ಗಳಲ್ಲಿ ಒಬ್ಬರು, ಸರಿ ಸಂಖ್ಯೆಯವುಗಳಲ್ಲಿ ಮತ್ತೊಬ್ಬರು ಟೀಯಿಂದ ಆರಂಭಿಸಬೇಕು. ನಾನು ಬಿಟ್ಟ ಜಾಗದಿಂದ ಅವರು ಹೊಡೆಯಬೇಕಾಗುವುದರಿಂದ, ತಂಡದ ಆಟಗಳಲ್ಲೆಲ್ಲ ಇದೇ ಕಠಿಣ. ಅವರು ಹಿರಿಯರು, ಆಟದಲ್ಲಿ ನನಗಿಂತ ಎಷ್ಟೋ ಮೇಲಿನವರು. ಹಿರಿಯರು ಯೋಚಿಸುತ್ತಿರುವಾಗ ನಡುವೆ ಬಾಯಿ ಹಾಕಬಾರದು ಎಂಬುದು ನಮಗೆ ಯಾರೂ ಹೇಳಿಕೊಡದೆಯೇ ಬಂದ ನಡತೆ, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಟ್ಟ ಹೊಡೆತವಾದಾಗಲೆಲ್ಲ ಕ್ಷಮೆ ಕೇಳುತ್ತಿದ್ದೆ, ಉಳಿದಂತೆ ಮೌನವಾಗಿ ಚೀಲ ಹೊತ್ತು ಹಿಂದೆ ನಡೆಯುತ್ತಿದ್ದೆ. ಒಂದು ಗ್ರೀನ್ ಮೇಲೆ ಅವರು ಪಟ್ ಹೊಡೆಯಲು ನಿಂತರು. ಚೆಂಡು ಬಲಕ್ಕೆ ಹೊರಳುತ್ತದೆಂದು ಎಣಿಸಿ ಹೋಲ್‌ನ ಎಡಕ್ಕೆ ಗುರಿ ಹಿಡಿದರು. ಹೋಲ್‌ನ ಆಚೆ ಬದಿಯಲ್ಲಿ ನಿಂತಿದ್ದ ನನಗೆ ನೆಲ ಅವರ ಎಡಕ್ಕೇ ಇಳಿದಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಮಾತನಾಡಲಿಲ್ಲ. ಚೆಂಡು ಎಡಕ್ಕೆ ಜಾರಿಹೋಯಿತು.

ಮುಂದಿನ ಟೀಗೆ ನಡೆಯುವಾಗ ಅವರು, ‘ನಿಮಗೆ ಆ ಇಳಿಜಾರು ಕಂಡಿತ್ತೇ?’ ಎಂದು ಕೇಳಿದರು. ಹೌದೆಂದೆ. ಅವರಿಗೆ ಸಿಟ್ಟು ಬರಲಿಲ್ಲ. ‘ಈ ಮೈದಾನದಲ್ಲಿ ಆಡುತ್ತಿರುವವರ ಪೈಕಿ ನಾನು ಸಲಹೆ ಕೇಳಬಹುದಾದವರು ನೀವೊಬ್ಬರೇ. ನೀವೂ ಸುಮ್ಮನಿದ್ದರೆ ನಾನು ಒಂಟಿಯಾಗಿ ಆಡಿದ ಹಾಗೆ’ ಎಂದಷ್ಟೇ ಹೇಳಿದರು. ಆಮೇಲೆ ನಿಯಮದ ಪುಸ್ತಕ ತೆರೆದು ನೋಡಿದೆ. 10ನೆಯ ನಿಯಮ ಹಾಗೆಯೇ ಹೇಳುತ್ತದೆ: ಯಾವ ಕ್ಲಬ್ ಹಿಡಿಯಲಿ, ಹೇಗೆ ಹೊಡೆಯಲಿ ಎಂದು ಬೇರೆ ಆಟಗಾರರನ್ನು ಕೇಳಿದರೆ ದಂಡ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಆಟದಲ್ಲಿ 2 ಹೊಡೆತ, ಒಂದೊಂದು ಹೋಲ್‌ಗೂ ಸೋಲು ಗೆಲುವು ಎಣಿಸುವ ಮ್ಯಾಚ್ ಆಟದಲ್ಲಿ ಆ ಹೋಲ್ ಸೋಲು. ಪಾರ್ಟ್ನರ್ ಆದವರಿಗೆ ಮಾತ್ರ ಈ ತಡೆ ಇಲ್ಲ. ಇಷ್ಟೆಲ್ಲ ಒಂಟಿತನದ ಈ ಆಟದಲ್ಲಿ ನಿಯಮವೇ ಒಬ್ಬರಿಗೆ ಮಾತಿನ ಬಾಗಿಲು ತೆರೆದಿಟ್ಟಿರುವಾಗ, ಮರ್ಯಾದೆಯ ಹೆಸರಿನಲ್ಲಿ ನಾವು ಅದನ್ನು ಮುಚ್ಚಿಕೊಂಡು ನಿಲ್ಲುತ್ತೇವೆ. ನಮ್ಮ ಮೌನ ಇಲ್ಲಿಯವರಿಗೆ ವಿನಯವಾಗಿ ಕಾಣುವುದಿಲ್ಲ, ಈ ಮನುಷ್ಯನಿಗೆ ತಂಡದ ಮೇಲೆ ಆಸಕ್ತಿಯಿಲ್ಲ ಎಂದು ಕಾಣುತ್ತದೆ. ಪದೇ ಪದೇ ಕೇಳುವ ಕ್ಷಮೆಯೂ ಅಷ್ಟೆ, ಪ್ರತಿ ಸಲವೂ ಅವರು ತಮ್ಮ ಹೊಡೆತದ ಯೋಚನೆ ಬಿಟ್ಟು ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ.

ನನ್ನ ನಾಲಿಗೆ ಸಡಿಲವಾಗಲು ಬಹಳ ಕಾಲ ಹಿಡಿಯಿತು. ಅರ್ಧ ದಿನ ಒಂದೂ ಕನ್ನಡದ ಮಾತು ಕಿವಿಗೆ ಬೀಳದ ಜಾಗದಲ್ಲಿ, ಇನ್ನೊಂದು ಭಾಷೆಯಲ್ಲಿ, ಹಿರಿಯರೊಬ್ಬರಿಗೆ ‘ಅದು ಹಾಗಲ್ಲ, ಎಡಕ್ಕೆ ತಿರುಗುತ್ತದೆ’ ಎನ್ನುವುದು ಸುಲಭವಲ್ಲ. ಅಷ್ಟರಲ್ಲಿ ಅವರ ಮಂಡಿ ನೋವು ಹೆಚ್ಚಾಗಿ ಆಟ ನಿಲ್ಲಿಸಿದರು, ಆಮೇಲೆ ಮಗಳ ಬಳಿ ದೂರದ ಊರಿಗೆ ಹೋದರು. ಈಗ ನಮ್ಮ ಕ್ಲಬ್ಬಿನಲ್ಲಿ ಜೋಡಿಗಳನ್ನು ಹಾಕಿಕೊಡುವ ಜವಾಬ್ದಾರಿ ನನ್ನದು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಾರ ಜೊತೆ ಆಡಿದರೂ ಕಂಡದ್ದನ್ನು ಧಾರಾಳವಾಗಿ ಹೇಳುತ್ತೇನೆ. ಆದರೆ ಅವರೊಂದಿಗೆ ಹಾಗೆ ಮಾತನಾಡುತ್ತಾ ಒಂದು ಆಟವನ್ನಾದರೂ ಆಡಲಾಗಲಿಲ್ಲ ಎಂಬ ಕೊರಗು ಉಳಿದಿದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಒಂದೇ ತಂಡ ಎಂದ ಮಾತ್ರಕ್ಕೆ ಎಲ್ಲರೂ ಪಾರ್ಟ್ನರ್‌ಗಳಲ್ಲ. ಫೋರ್ಸಮ್ಸ್, ಫೋರ್‌ಬಾಲ್ (ಜೋಡಿಯ ಇಬ್ಬರೂ ತಮ್ಮ ತಮ್ಮ ಚೆಂಡು ಆಡಿ, ಉತ್ತಮವಾದದ್ದನ್ನು ಎಣಿಸುವ ಆಟ), ಸ್ಕ್ರಾಂಬಲ್‌ಗಳಲ್ಲಿ ಮಾತನಾಡಬಹುದು. ಪ್ರತಿಯೊಬ್ಬರೂ ತಮ್ಮ ಪಾಡಿಗೆ ಆಡಿ ಕೊನೆಗೆ ಅಂಕ ಕೂಡಿಸುವ ಸ್ಪರ್ಧೆಯಾದರೆ, ತಂಡದವರಿಗೇ ಕೊಟ್ಟ ಸಲಹೆಯೂ ದಂಡಕ್ಕೆ ದಾರಿಯಾಗಬಹುದು. ಮೊದಲ ಟೀಗೆ ಹೋಗುವ ಮೊದಲೇ ಇದನ್ನು ಸಂಘಟಕರಲ್ಲಿ ಕೇಳಿ ತಿಳಿದುಕೊಳ್ಳಿ. ಅಂತೆಯೇ ಹೋಲ್‌ಗೆ ತೀರ ಸಮೀಪದ ಪಟ್ ಅನ್ನು ಎದುರಾಳಿಗೆ ಬಿಟ್ಟುಕೊಡುವ, ಅಂದರೆ ಹೊಡೆಯದೆಯೇ ಹೋಲ್ ಸೇರಿತೆಂದು ಒಪ್ಪುವ, ಉದಾರತೆ ಮ್ಯಾಚ್ ಆಟಕ್ಕೆ ಮಾತ್ರ ಸಲ್ಲುತ್ತದೆ. 1969ರ ರೈಡರ್ ಕಪ್ಪಿನ ಕೊನೆಯ ಹೋಲ್‌ನಲ್ಲಿ ಅಮೆರಿಕ ತಂಡದ ಜಾಕ್ ನಿಕ್ಲಾಸ್ ಅವರು ಎದುರಾಳಿ ಬ್ರಿಟನ್ ತಂಡದ ಟೋನಿ ಜ್ಯಾಕ್ಲಿನ್ ಅವರ ಪಟ್ ಬಿಟ್ಟುಕೊಟ್ಟು ಇಡೀ ಸ್ಪರ್ಧೆ 16–16ರಲ್ಲಿ ಸಮವಾದದ್ದನ್ನು ಕ್ಲಬ್ಬಿನ ಹಿರಿಯರು ನಿಮಗೂ ಹೇಳಿಯೇ ಹೇಳುತ್ತಾರೆ, ಪ್ರೀತಿಯಿಂದ ಕೇಳಿ. ಆದರೆ ಸ್ಕ್ರಾಂಬಲ್‌ನಲ್ಲಿ ಯಾರಾದರೂ ‘ಸಾಕು, ಎತ್ತಿಕೊಳ್ಳಿ’ ಎಂದರೆ ಎತ್ತಿಕೊಳ್ಳಬೇಡಿ, ಚೆಂಡು ಹೋಲ್ ಸೇರಲೇಬೇಕು.

ಆಟ ಮುಗಿದ ಕೂಡಲೇ ಮನೆಗೆ ಹೊರಡಬೇಡಿ. ಕಾರ್ಡುಗಳನ್ನು ಕೂಡಿಸಿ ಫಲಿತಾಂಶ ಹೇಳುವವರೆಗೂ ಕುಳಿತಿರಿ, ಗೆದ್ದವರ ಕೈ ಕುಲುಕಿ, ಮುಂದಿನ ಸಲಕ್ಕೆ ಹೆಸರು ಬರೆಸಿ ಬನ್ನಿ. ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬುದು ನಿಮ್ಮ ಹೊಡೆತಗಳಿಗಿಂತ ಆ ಹೊತ್ತಿನ ಮೇಲೆಯೇ ಹೆಚ್ಚು ನಿಂತಿರುತ್ತದೆ.

ಕರೆದವರಿಗೆ ಇಂದೇ ಉತ್ತರ ಕೊಡಿ. ನೋಡೋಣ, ಪ್ರಯತ್ನಿಸುತ್ತೇನೆ ಎಂಬ ನಮ್ಮ ಎಂದಿನ ಉತ್ತರ ಇಲ್ಲಿ ಬೇಡ, ಬರುತ್ತೇನೆ ಅಥವಾ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ನಾಲ್ವರ ತಂಡದಲ್ಲಿ ಒಬ್ಬರು ಶನಿವಾರ ಬೆಳಗ್ಗೆ ತಪ್ಪಿಸಿಕೊಂಡರೆ ಆ ತಂಡದ ಹ್ಯಾಂಡಿಕ್ಯಾಪ್ ಲೆಕ್ಕವೂ ಟೀ ಹೊಡೆತಗಳ ಷರತ್ತೂ ಬದಲಾಗುತ್ತವೆ, ಹಿಂದಿನ ರಾತ್ರಿಯೇ ಪಟ್ಟಿ ಬರೆದಿಟ್ಟವರು ಎಲ್ಲವನ್ನೂ ಹೊಸದಾಗಿ ಹಾಕಬೇಕಾಗುತ್ತದೆ.