ಆರತಿ ತಟ್ಟೆಯೂ ದೇಹದ ದೇಗುಲವೂ

ಪ್ರಶ್ನೆ: ದಿನವೂ ದೀಪ ಹಚ್ಚಿ ಪೂಜೆ ಮಾಡುವ ನಾನು ಇತ್ತೀಚೆಗೆ ವಚನಗಳನ್ನೂ ತತ್ವಪದಗಳನ್ನೂ ಓದತೊಡಗಿದ್ದೇನೆ. ದೇಹವೇ ದೇಗುಲವೆಂದು ಒಪ್ಪಿದ ಮೇಲೂ ಆರತಿ ತಟ್ಟೆ ಹಿಡಿಯುವುದು ಆತ್ಮವಂಚನೆಯಲ್ಲವೇ? ಪೂಜೆ ಬಿಟ್ಟರೆ ಅಂತರಂಗದ ದಾರಿ ಸುಲಭವಾದೀತೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸುಲಭವಾಗುವುದಿಲ್ಲ, ಇನ್ನಷ್ಟು ಕಠಿಣವಾಗುತ್ತದೆ. ‘ಉಳ್ಳವರು ಶಿವಾಲಯವ ಮಾಡುವರು’ ಎಂದು ಆರಂಭವಾಗುವ ಬಸವಣ್ಣನವರ ವಚನದಲ್ಲಿ ಕಾಲು ಕಂಬವಾಗುತ್ತದೆ, ಶಿರ ಹೊನ್ನ ಕಳಶವಾಗುತ್ತದೆ. (ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು ಅಲ್ಲಿ ತಮ್ಮನ್ನು ಬಡವನೆಂದು ಕರೆದುಕೊಂಡಿರುವುದೂ ಗಮನಾರ್ಹ.) ಕಲ್ಲಿನ ಗುಡಿಗೆ ಬಾಗಿಲು ಹಾಕುವ ಹೊತ್ತೊಂದಿರುತ್ತದೆ, ನಡೆದಾಡುವ ಈ ಗುಡಿಗೆ ಅದಿಲ್ಲ, ಸಂತೆಯಲ್ಲಿ ಚೌಕಾಸಿ ಮಾಡುವಾಗಲೂ ಅದು ತೆರೆದೇ ಇರುತ್ತದೆ.

ಇನ್ನು ಆತ್ಮವಂಚನೆಯ ಮಾತು. 12ನೇ ಶತಮಾನದ ಶರಣರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುತ್ತಿದ್ದರು. ಅವರು ಕೈಬಿಟ್ಟದ್ದು ಪೂಜೆಯನ್ನಲ್ಲ, ನಡುವೆ ನಿಂತ ಪೂಜಾರಿಯನ್ನು. ಅಂತರಂಗವೆಂದೊಡನೆ ಕಣ್ಣು ಮುಚ್ಚಿ ಕುಳಿತ ಭಂಗಿಯನ್ನೇ ನೆನೆಯುವುದು ನಮ್ಮ ಕಾಲದ ಚಾಳಿ. ಬಸವಣ್ಣನವರಾದರೋ ‘ಕಳಬೇಡ, ಕೊಲಬೇಡ’ ಎಂದು ಏಳು ‘ಬೇಡ’ಗಳನ್ನು ಹೇಳಿ, ಅಂತರಂಗ ಶುದ್ಧಿಯೂ ಬಹಿರಂಗ ಶುದ್ಧಿಯೂ ಇದೇ ಎಂದುಬಿಡುತ್ತಾರೆ. ಆ ಏಳರಲ್ಲಿ ‘ತನ್ನ ಬಣ್ಣಿಸಬೇಡ’ ಎಂಬುದೂ ಒಂದು. ಪೂಜೆ ಬಿಟ್ಟವರು, ಬಿಟ್ಟೆವೆಂದು ನಾಲ್ಕು ಜನರೆದುರು ಹೇಳಿಕೊಳ್ಳುವಾಗ ಎಡವುವುದು ಇಲ್ಲಿಯೇ. ಆದ್ದರಿಂದ ತಟ್ಟೆಯನ್ನು ಕೆಳಗಿಡಲು ಅವಸರಪಡಬೇಡಿ. ಅದನ್ನು ಹಿಡಿದ ಕೈ ಉಳಿದ ಹೊತ್ತಿನಲ್ಲಿ ಏನು ಮಾಡುತ್ತಿದೆ ಎಂಬುದನ್ನು ನೋಡಿಕೊಂಡರೆ ಸದ್ಯಕ್ಕೆ ಸಾಕು.

ತತ್ವಪದಗಳ ಪೈಕಿ ಶಿಶುನಾಳ ಶರೀಫರ (1819–1889) ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ನಿಧಾನವಾಗಿ ಓದಿ. ಮುಸಲ್ಮಾನರಾಗಿ ಹುಟ್ಟಿ, ಬ್ರಾಹ್ಮಣರಾದ ಗೋವಿಂದ ಭಟ್ಟರನ್ನು ಗುರುವೆಂದು ನಂಬಿದ ಶರೀಫರು ಅಲ್ಲಿ ಎರಡೂ ಮತಗಳ ಆಚಾರದ ಗೊಡವೆಗೆ ಹೋಗುವುದಿಲ್ಲ. ಅವರಿಗೆ ಕಾಣುವುದು ಮುರಿದ ತೊಲೆ, ಹುಳು ತಿಂದ ಜಂತಿ, ಸಡಿಲಗೊಂಡ ಕೀಲು. ಅಂಥ ಕತ್ತಲೆಯಲ್ಲಿ ಮೇಲೆ ಹತ್ತಿ ಸರಿಪಡಿಸಲಾರೆನೆಂಬ ಅಸಹಾಯಕತೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಸಾಧ್ಯವಾದರೆ ಏಕತಾರಿ ಹಿಡಿದು ಹಾಡುವವರ ಬಾಯಿಂದಲೇ ಅದನ್ನು ಕೇಳಿ. ಪ್ರತಿ ನುಡಿಯ ಕೊನೆಗೂ ‘ಅಜ್ಞಾನದಿಂದ’ ಎಂಬ ಒಂದೇ ಪದ ಮಾಳಿಗೆಯ ಹನಿಯ ಹಾಗೆ ಅದೇ ಜಾಗಕ್ಕೆ ಬಂದು ಬೀಳುತ್ತಿರುತ್ತದೆ.